ಚಟಾಕುವಿಗೆ ಗಂಡು ಕೇಳಿ

ಜನವರಿ 9

ಬೀಗಿತ್ತಿಯವರಿಗೆ ನಮಸ್ಕಾರ.

ನಿಮ್ಮ ಮಗನಿಗೆ ನನ್ನ ಮಗಳನ್ನು ಕೊಟ್ಟು ಮೂರು ವರ್ಷವಾಯಿತು. ಇಷ್ಟು ದಿನದಲ್ಲಿ ನಾನು ನಿಮ್ಮನ್ನು ಏನೂ ಕೇಳಿದವನಲ್ಲ. ಈಗ ಒಂದು ಕೇಳುತ್ತೇನೆ, ನಗಬೇಡಿ. ನಮ್ಮ ಮನೆಯಲ್ಲಿ ಇನ್ನೊಬ್ಬಳು ಹೆಣ್ಣುಮಗಳಿದ್ದಾಳೆ, ಚಟಾಕು ಅಂತ. ನಿಮ್ಮಲ್ಲಿ ದೊರೆ ಇದ್ದಾನೆ. ಇನ್ನೊಂದು ಸಂಬಂಧ ಬೆಳೆಸೋಣವೇ?

ನಾಯಿಗಳ ವಿಷಯ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ನಡುಮನೆಯಲ್ಲಿ ಕೂತಿದೆ, ನನ್ನ ಮಗಳು ಅದರ ಪಕ್ಕದಲ್ಲೇ ಕೂತಿರುತ್ತಾಳೆ. ಮೇಲಾಗಿ ಫೋನಿನಲ್ಲಿ ನನಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನಾನೇ ಕಟ್ಟಿಕೊಳ್ಳುತ್ತೇನೆ. ಮಗಳಿಗೆ ಈ ವಿಷಯ ಗೊತ್ತಾಗುವುದು ಬೇಡ. ಅಪ್ಪನಿಗೆ ಅರಳುಮರಳು ಅಂದುಬಿಡುತ್ತಾಳೆ.

ಚಟಾಕು ನನ್ನ ಕೈಗೆ ಸಿಕ್ಕಿದ್ದು ಒಂದು ಕೆಟ್ಟ ತಕ್ಕಡಿಯ ಜೊತೆ. ನನ್ನ ಅಂಗಡಿಗೆ ರಿಪೇರಿಗೆ ಬಂದ ಪೆಟ್ಟಿಗೆ ಬಿಚ್ಚಿದರೆ ತಕ್ಕಡಿಯ ತಟ್ಟೆಯೊಳಗೆ ಕಣ್ಣು ಬಿಡದ ಮರಿ. ಕಳಿಸಿದ ಅಂಗಡಿಯವನು 'ಅದು ನಮ್ದಲ್ಲ ಸ್ವಾಮಿ' ಅಂತ ಆಣೆ ಮಾಡಿದ. ತಟ್ಟೆಯಲ್ಲಿಟ್ಟು ತೂಗಿದೆ, ಮುಳ್ಳು ಅಲ್ಲಾಡಲಿಲ್ಲ. 'ಒಂದು ಚಟಾಕೂ ಇಲ್ಲವಲ್ಲೇ' ಅಂದೆ. ಅದೇ ಹೆಸರಾಯಿತು. ಮುಳ್ಳೇ ತುಕ್ಕು ಹಿಡಿದು ನಿಂತಿತ್ತು ಅಂತ ಆಮೇಲೆ ಗೊತ್ತಾಯಿತು.

ರೂಪ ಕೇಳಬೇಡಿ. ಒಂದು ಕಿವಿ ನಿಂತಿದೆ, ಇನ್ನೊಂದು ಮಡಚಿದೆ. ಕಾಲು ಉದ್ದ, ಮೈ ಗಿಡ್ಡ. ಬಾಲವಂತೂ ಬೇರೆ ಯಾರದೋ. ಒಂದೊಂದು ಭಾಗವನ್ನು ಒಂದೊಂದು ಮನೆಯಿಂದ ಕೇಳಿ ತಂದ ಹಾಗಿದ್ದಾಳೆ. ಆದರೆ ಬುದ್ಧಿ! ಅವಳು ಎಬ್ಬಿಸದಿದ್ದರೆ ನಾನು ಏಳುವವನೇ ಅಲ್ಲ. ಈಗ ಆರು ವರ್ಷ. ಅವಳದೊಂದು ಮರಿ ನನಗೆ ಬೇಕು, ಅವಳು ಗಟ್ಟಿಯಾಗಿರುವಾಗಲೇ ಬೇಕು. ಅಷ್ಟೇ ನನ್ನ ಆಸೆ.

ಹೂಂ ಅನ್ನಿ. ಅಳಿಯಂದಿರಿಗೆ ನನ್ನ ನೆನಪು ಹೇಳಿ.

ನಿಮ್ಮ ಬೀಗ


ಜನವರಿ 20

ಬೀಗರಿಗೆ ನಮಸ್ಕಾರ.

ನಗಬೇಡಿ ಅಂದಿದ್ದಿರಿ, ಆಗಲಿಲ್ಲ. ಆ ಬಾಲದ ಮಾತು ಓದಿ ಒಬ್ಬಳೇ ನಕ್ಕೆ. ಆದರೆ ನನ್ನ ಉತ್ತರ ನಗುವಂಥದ್ದಲ್ಲ. ದೊರೆಯನ್ನು ಕೊಡಲು ಆಗುವುದಿಲ್ಲ.

ಇಪ್ಪತ್ತೆಂಟು ವರ್ಷದಿಂದ ಜಾತಿ ನಾಯಿಗಳನ್ನು ಸಾಕಿ ಮರಿ ಕೊಡುತ್ತಿದ್ದೇನೆ. ನನ್ನ ಅಂಗಳದ ಯಾವ ಮರಿಯನ್ನು ತೋರಿಸಿದರೂ ಅದರ ಅಜ್ಜ ಯಾರು, ಮುತ್ತಜ್ಜಿ ಯಾರು, ಯಾರ ಸೊಂಟ ಯಾವ ವಯಸ್ಸಿಗೆ ಸೋತಿತು, ಎಲ್ಲ ಬಾಯಲ್ಲೇ ಇದೆ. ನಿಮ್ಮ ಚಟಾಕುವಿನ ಅಮ್ಮ ಎಷ್ಟು ದೊಡ್ಡವಳಿದ್ದಳು? ಅಪ್ಪನ ತಲೆ ಎಷ್ಟು ದಪ್ಪ? ದಪ್ಪ ತಲೆಯ ಮರಿ ಸಣ್ಣ ಸೊಂಟದಲ್ಲಿ ಸಿಕ್ಕಿಕೊಂಡರೆ ತಾಯಿಯೂ ಇಲ್ಲ, ಮರಿಯೂ ಇಲ್ಲ. ಆರನೆಯ ವರ್ಷಕ್ಕೆ ಚೊಚ್ಚಲ ಹೆರಿಗೆ ಬೇರೆ. ಹಿಂದುಮುಂದು ಗೊತ್ತಿಲ್ಲದ ಹೆಣ್ಣಿಗೆ ನಾನು ಗಂಡು ಬಿಡುವುದಿಲ್ಲ. ಯಾರು ಕೇಳಿದರೂ ಇದೇ ಮಾತು.

ಇನ್ನೊಂದು. ಆರು ಮರಿ ಹುಟ್ಟಿದವು ಅನ್ನಿ. ಒಂದು ನಿಮಗೆ. ಉಳಿದ ಐದನ್ನು ರಿಪೇರಿಯಾದ ತಕ್ಕಡಿಗಳ ಜೊತೆ ಪೆಟ್ಟಿಗೆಗೆ ಹಾಕಿ ವಾಪಸು ಕಳಿಸುತ್ತೀರಾ?

ಬೆಳಗ್ಗೆ ಏಳಲು ಸೋಮಾರಿತನವಾದರೆ ಅಲಾರಂ ಇಟ್ಟುಕೊಳ್ಳಿ. ಅದಕ್ಕೆ ಬಸಿರು, ಬಾಣಂತನ ಏನೂ ಬೇಡ. ಮರಿಯೇ ಬೇಕಿದ್ದರೆ ಹೇಳಿ, ಒಳ್ಳೆಯ ಕಡೆಯಿಂದ ಕೊಡಿಸುತ್ತೇನೆ.

ಸೊಸೆ ಚೆನ್ನಾಗಿದ್ದಾಳೆ.

ನಿಮ್ಮ ಬೀಗಿತ್ತಿ


ಫೆಬ್ರವರಿ 1

ಬೀಗಿತ್ತಿಯವರಿಗೆ,

ಕುಲ ಕೇಳಿದಿರಿ. ಕೇಳಿ. ದೊಡ್ಡ ಮನೆಯವರು, ಕೇಳುವ ಹಕ್ಕಿದೆ. ಋಷಿಮೂಲ ನದಿಮೂಲ ಕೇಳಬಾರದು ಅಂತಾರೆ, ನಾಯಿಮೂಲ ಕೇಳಬಹುದು ಅಂತ ಇವತ್ತು ತಿಳಿಯಿತು.

ಮಕ್ಕಳ ಮದುವೆಯ ಮಾತುಕತೆಯಲ್ಲೂ ನೀವು ಹೀಗೇ ಕೇಳಿದ್ದಿರಿ. ನೆನಪಿದೆಯೇ? ಎಲ್ಲರೂ ಬಟ್ಟೆಬರೆ, ಊಟ ಅಂತ ಮಾತಾಡುತ್ತಿದ್ದಾಗ ನೀವು ನನ್ನತ್ತ ತಿರುಗಿ, 'ನಿಮ್ಮ ಕಡೆ ಎಲ್ಲರೂ ಗಟ್ಟಿಮುಟ್ಟು ತಾನೇ?' ಅಂದಿರಿ. 'ನಾವು ಕಲ್ಲು ತಿಂದು ಕರಗಿಸೋ ಜನ' ಅಂದೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ. ನನ್ನ ಮಗಳನ್ನೂ ಹಲ್ಲು ಎಣಿಸಿಯೇ ಒಪ್ಪಿಕೊಂಡಿರೇನೋ ಅಂತ ಆ ದಿನ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ಹೆಣ್ಣಿನ ಕಡೆಯವನು ನೋಡಿ.

ಬೇಕರಿಯವರ ಮನೆಯಲ್ಲಿ ಕರಿಯ ಅಂತ ಗಂಡುನಾಯಿ ಇದೆ. ಅವನಿಗೂ ಅಪ್ಪನ ಹೆಸರಿಲ್ಲ. ಆದರೆ ಅವನ ಮನೆಯವರು 'ಅದಕ್ಕೇನು, ಕರ್ಕೊಂಡು ಬನ್ನಿ' ಅಂದರು. ಒಂದು ಬಿಸ್ಕತ್ತನ್ನೂ ಕೊಟ್ಟರು, ಚಟಾಕುವಿಗೆ.

ನಿಮಗೆ ಹೆಚ್ಚು ತೊಂದರೆ ಕೊಡುವುದಿಲ್ಲ.

ಬೀಗ (ಸದ್ಯಕ್ಕೆ)


ಮಾರ್ಚ್ 4

ಬೀಗರಿಗೆ ನಮಸ್ಕಾರ.

ತಿಂಗಳಾಯಿತು, ನಿಮ್ಮಿಂದ ಸುದ್ದಿಯಿಲ್ಲ. ಬೀಗರ ಮುನಿಸು ಬಿಸಿಲಿಗೆ ಕರಗುವುದಿಲ್ಲ ಅಂತ ನನಗೂ ಗೊತ್ತು. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನಾನು ದೊರೆಯನ್ನು ಕೊಡದಿದ್ದುದು ಚಟಾಕುವಿನ ಕುಲ ಗೊತ್ತಿಲ್ಲ ಅಂತಲ್ಲ. ದೊರೆಯ ಕುಲ ಗೊತ್ತಿದೆ ಅಂತ.

ಹೋದ ಮಳೆಗಾಲದಲ್ಲಿ ಅವನು ಊಟದ ತಟ್ಟೆಯ ಮುಂದೆ ನಿಂತವನು ಹಾಗೇ ಪಕ್ಕಕ್ಕೆ ಬಿದ್ದ. ಕಾಲು ಸೆಟೆದುಕೊಂಡಿತು, ಬಾಯಲ್ಲಿ ನೊರೆ. ಮೂರ್ಛೆ ರೋಗ. ಅವನಪ್ಪನಿಗೂ ಇತ್ತಂತೆ. ನನಗೆ ಅವನನ್ನು ಕೊಟ್ಟವರು ಅಂದ ಚಂದದ ವಂಶಾವಳಿ ಕೊಟ್ಟಿದ್ದರು, ಅದರಲ್ಲಿ ಹೆಸರು, ಪದಕ ಎಲ್ಲ ಇತ್ತು, ಕಾಯಿಲೆ ಇರಲಿಲ್ಲ. ನಾನು ಅವನ ಮರಿಗಳನ್ನು ಕೊಂಡವರಿಗೆಲ್ಲ ಬರೆದು ತಿಳಿಸಿದೆ. ಇಬ್ಬರು ಬಾಯಿಗೆ ಬಂದಂತೆ ಬೈದರು. ಒಬ್ಬರು ದೊರೆಯ ಮಗಳು ರಾಣಿಯನ್ನು ತಂದು ಗೇಟಿಗೆ ಕಟ್ಟಿ ಹೋದರು. ಅವಳಿಗೂ ಶುರುವಾಗಿದೆ. ಇನ್ನು ಈ ಮನೆಯಲ್ಲಿ ಆ ವಂಶ ಬೆಳೆಯುವುದಿಲ್ಲ.

ಇದನ್ನು ನಿಮಗೆ ಮೊದಲೇ ಹೇಳಲು ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷ ಎದೆಯುಬ್ಬಿಸಿ ನಡೆದವಳು ನೋಡಿ, ತಪ್ಪನ್ನು ನಿಮ್ಮ ಪಾಪದ ನಾಯಿಯ ಮೇಲೆ ಹಾಕಿದೆ. ಕ್ಷಮಿಸಿ ಅಂತ ಅವಳಿಗೂ ಹೇಳಿ.

ಈಗ ನನ್ನ ಪ್ರಶ್ನೆ. ನಿಮ್ಮ ಮೊದಲ ಪತ್ರ ಮತ್ತೆ ತೆಗೆದು ಓದಿದೆ. 'ಅವಳು ಎಬ್ಬಿಸದಿದ್ದರೆ ನಾನು ಏಳುವವನೇ ಅಲ್ಲ.' ನಾನು ಸೋಮಾರಿತನ ಅಂದುಕೊಂಡು ಅಲಾರಂ ಜೋಕು ಮಾಡಿದೆ. ಮದುವೆಯ ದಿನ ನಿಮ್ಮ ಕಿಸೆಯ ತುಂಬ ಪೆಪ್ಪರ್‌ಮಿಂಟ್ ಇತ್ತು. ಊಟ ತಡವಾದಾಗ ನಿಮ್ಮ ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು. ಅಡುಗೆಯವರ ಹತ್ತಿರ ಹೋಗಿ ಡಬ್ಬಿಯಿಂದ ಸಕ್ಕರೆ ಬೊಗಸೆಯಲ್ಲಿ ಬಾಯಿಗೆ ಹಾಕಿಕೊಂಡಿರಿ. ನಾನು ಕಂಡೆ. 'ನಮ್ಮ ಬೀಗರಿಗೆ ಚಿಕ್ಕ ಮಕ್ಕಳ ಚಪಲ' ಅಂತ ನಾಲ್ಕು ಜನಕ್ಕೆ ಹೇಳಿ ನಕ್ಕೆ ಕೂಡ. ಈಗ ನಗು ಬರುತ್ತಿಲ್ಲ.

ನಿಮಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?

ನಿಮ್ಮ ಬೀಗಿತ್ತಿ


ಮಾರ್ಚ್ 12

ಬೀಗಿತ್ತಿಯವರಿಗೆ ನಮಸ್ಕಾರ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಿಮ್ಮ ಪತ್ರ ಓದುತ್ತ ಕಿಸೆ ಮುಟ್ಟಿ ನೋಡಿಕೊಂಡೆ. ಪೆಪ್ಪರ್‌ಮಿಂಟ್ ಇತ್ತು.

ಹನ್ನೊಂದು ವರ್ಷವಾಯಿತು. ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು, ಅವಳು ಹೋದಳು. ಈಗ ಎದುರಿನ ಇಸ್ತ್ರಿ ಅಂಗಡಿಯವನಿಗೆ ಗೊತ್ತು. ಮಗಳು ಬರುವ ದಿನ ನನ್ನ ಇನ್ಸುಲಿನ್ ಅವನ ಮನೆಯ ಫ್ರಿಜ್ಜಿಗೆ ಹೋಗುತ್ತದೆ.

ಕೆಲಸದ ಗುಂಗಿನಲ್ಲಿ ಊಟ ತಡವಾದರೆ ಶುಗರ್ ಸರ್ರನೆ ಇಳಿದುಬಿಡುತ್ತದೆ. ಮೊದಲೆಲ್ಲ ಬೆವರು, ನಡುಕ ಬಂದು ಎಚ್ಚರಿಸುತ್ತಿದ್ದವು. ಈಗ ಅವೂ ಬರುವುದಿಲ್ಲ, ಏಕಾಏಕಿ ಕತ್ತಲೆ. ಆದರೆ ಚಟಾಕುವಿಗೆ ಮುಂಚೆಯೇ ತಿಳಿಯುತ್ತದೆ. ಮೂತಿಯನ್ನು ನನ್ನ ಬಾಯ ಹತ್ತಿರ ತರುತ್ತಾಳೆ, ಮೂಸುತ್ತಾಳೆ, ಮೊಣಕಾಲಿಗೆ ಪಂಜ ಹಾಕಿ ಕುಂಯ್‌ಗುಡುತ್ತಾಳೆ. ನಾನು 'ಸುಮ್ನಿರೇ, ಕೆಲಸ ಇದೆ' ಅಂದರೆ ಪೆಪ್ಪರ್‌ಮಿಂಟ್ ಡಬ್ಬಿಯನ್ನೇ ಮೇಜಿನಿಂದ ಬೀಳಿಸುತ್ತಾಳೆ. ನಾನು ಬಿದ್ದರೆ ರಸ್ತೆ ದಾಟಿ ಹೋಗಿ ಇಸ್ತ್ರಿಯವನ ಪ್ಯಾಂಟು ಕಚ್ಚಿ ಎಳೆದು ತರುತ್ತಾಳೆ. 'ಸಾರ್, ಊರವರ ಬಟ್ಟೆಗೆಲ್ಲ ಗೆರೆ ಹಿಡಿಯೋನು ನಾನು, ನನ್ನ ಪ್ಯಾಂಟಿನ ಗತಿ ನೋಡಿ' ಅಂತಾನೆ. ಯಾರೂ ಕಲಿಸಿದ್ದಲ್ಲ ಇದು. ರಕ್ತದಲ್ಲೇ ಬಂದದ್ದು. ನೂಲಿನಂತೆ ಸೀರೆ ಅನ್ನುವುದಿಲ್ಲವೇ? ಅವಳ ಮರಿಗೂ ಬರುತ್ತದೆ. ಅವಳು ಮುದುಕಿಯಾಗಿ ಮೂಗು ಮಂದವಾದ ದಿನ ನನ್ನನ್ನು ಯಾರು ಎಬ್ಬಿಸಬೇಕು ಹೇಳಿ?

ಮಗಳಿಗೆ ಹೇಳಬೇಡಿ, ಕೈ ಮುಗಿಯುತ್ತೇನೆ. ನನ್ನ ಅಮ್ಮನಿಗೂ ಇದೇ ಕಾಯಿಲೆ. ಅವಳು ದಿನವಿಡೀ ಹೊಲಿಗೆ ಯಂತ್ರ ತುಳಿಯುತ್ತಿದ್ದವಳು. ಕಾಯಿಲೆ ಅಂತ ಗೊತ್ತಾದದ್ದೇ ತಡ, ನಾವು ಮಕ್ಕಳೆಲ್ಲ ಸೇರಿ ಯಂತ್ರ ಮಾರಿದೆವು, ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದೆವು. ಪ್ರೀತಿಯಿಂದಲೇ ಮಾಡಿದ್ದು. ಅವಳು ಕಾಯಿಲೆಯಿಂದಲ್ಲ, ಆ ಕುರ್ಚಿಯಿಂದ ಸತ್ತಳು. ನನ್ನ ಮಗಳು ನನಗಿಂತ ಹೆಚ್ಚು ಪ್ರೀತಿ ಮಾಡುವವಳು. ಅದೇ ನನ್ನ ಭಯ.

ದೊರೆಯ ವಿಷಯ ಓದಿ ನಿಮ್ಮ ಮೇಲಿದ್ದ ಮುನಿಸು ಹೋಯಿತು. ನನ್ನ ಹಿಂದಿನ ಪತ್ರವನ್ನು ಹರಿದು ಹಾಕಿ.

ನಿಮ್ಮ ಬೀಗ


ಮಾರ್ಚ್ 20

ಬೀಗರೇ,

ಹರಿದು ಹಾಕಿದೆ. ನಿಮ್ಮ ಗುಟ್ಟು ನನ್ನ ಬಾಯಿಂದ ಹೊರಬೀಳುವುದಿಲ್ಲ. ಆದರೆ ಎರಡು ಮಾತು ಹೇಳದೆ ಬಿಡುವುದಿಲ್ಲ, ನಿಮಗೆ ಕಹಿಯಾದರೂ ಸರಿ. ಸಿಹಿ ಹೇಗೂ ನಿಮಗಾಗುವುದಿಲ್ಲ.

ಮೊದಲನೆಯದು. ಚಟಾಕುವಿನ ಆ ಗುಣ ರಕ್ತದ್ದೋ, ಆರು ವರ್ಷ ನಿಮ್ಮ ಮುಖ ನೋಡಿಕೊಂಡು ಬದುಕಿ ಬಂದದ್ದೋ, ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ರಕ್ತದಲ್ಲಿ ಇಳಿಯುತ್ತದೆ ಅಂತ ನಾನು ಇಷ್ಟು ವರ್ಷದಲ್ಲಿ ಕಣ್ಣಾರೆ ಕಂಡದ್ದು ಬಣ್ಣ ಮತ್ತು ಕಾಯಿಲೆ. ಜಾಣತನ ಇಳಿಯುತ್ತದೆ ಅಂತ ಮರಿ ಕೊಳ್ಳಲು ಬಂದವರಿಗೆ ಹೇಳುತ್ತೇವೆ. ಹೆತ್ತವರಿಗೆ ಹೆಗ್ಗಣ ಮುದ್ದು, ಮಾರುವವರಿಗೆ ಇನ್ನೂ ಮುದ್ದು. ಆರು ಮರಿಯಲ್ಲಿ ಒಂದಕ್ಕೂ ಆ ಮೂಗು ಬಾರದಿದ್ದರೆ? ಹೆರಿಗೆಯಲ್ಲಿ ಅವಳೇ ಹೋದರೆ? ಇರುವ ಒಂದು ದೀಪದಿಂದ ಇನ್ನೊಂದು ಹಚ್ಚಲು ಹೋಗಿ ಇದ್ದದ್ದೂ ಆರಬಾರದು.

ಎರಡನೆಯದು. ಹೋದ ವಾರ ಸೊಸೆಯ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಗಾಬರಿಯಾಗಬೇಡಿ, ಸಣ್ಣ ವಿಷಯ, ಅವಳೇ ಮುಂದೆ ಹೇಳುತ್ತಾಳೆ. ಈಚೆಗೆ ಅವಳಿಗೆ ಚಹಾದ ವಾಸನೆ ಸೇರುತ್ತಿಲ್ಲ, ಅಷ್ಟೇ. ಡಾಕ್ಟರು ಕೇಳಿದರು: 'ನಿಮ್ಮ ತಂದೆ ತಾಯಿ ಕಡೆ ಯಾರಿಗಾದ್ರೂ ಶುಗರ್ ಇದೆಯಾ?' ಅವಳು ನಕ್ಕುಬಿಟ್ಟಳು. 'ನಮ್ಮಪ್ಪ ಕಲ್ಲು ತಿಂದು ಕರಗಿಸ್ತಾರೆ ಡಾಕ್ಟರೇ. ನಮ್ಮಜ್ಜಿ ವಯಸ್ಸಾಗಿ ಹೋದ್ರು.' ಡಾಕ್ಟರು 'ಇಲ್ಲ' ಅಂತ ಗುರುತು ಹಾಕಿಕೊಂಡರು. ನಾನು ಪಕ್ಕದಲ್ಲೇ ಬಾಯಿ ಹೊಲಿದುಕೊಂಡು ಕೂತಿದ್ದೆ. ನಿಮಗೆ ಮಾತು ಕೊಡಲು ಕೈಯಲ್ಲಿ ಪೆನ್ನು ಹಿಡಿಯುವ ಮುಂಚೆಯೇ ನಾನು ನಿಮ್ಮ ಗುಟ್ಟು ಕಾಯ್ದೆ. ಅದು ನನಗೆ ಒಳ್ಳೆಯ ಕೆಲಸ ಮಾಡಿದ ಹಾಗೆ ಅನ್ನಿಸಲಿಲ್ಲ.

ಚಟಾಕುವಿನ ಹಿಂದುಮುಂದು ಯಾರಿಗೂ ಗೊತ್ತಿಲ್ಲ, ಅದಕ್ಕೆ ಯಾರೂ ಹೊಣೆಯಲ್ಲ. ನಿಮ್ಮ ಮಗಳ ಹಿಂದುಮುಂದು ನಿಮಗೆ ಗೊತ್ತಿದೆ. ಗೊತ್ತಿದ್ದೂ ಅವಳನ್ನು ಪೆಟ್ಟಿಗೆಯಲ್ಲಿ ಬಂದ ಮರಿಯ ಹಾಗೆ ಮಾಡಿದ್ದೀರಿ. ನನ್ನ ನಾಯಿಗಳ ಮರಿ ಕೊಂಡವರಿಗೆ ನಾನು ಹೇಳಿದಷ್ಟನ್ನೂ ನೀವು ಅವಳಿಗೆ ಹೇಳಿಲ್ಲ.

ಕೋಪ ಬರಲಿ. ಬಂದ ಮೇಲೆ ಬರೆಯಿರಿ.

ನಿಮ್ಮ ಬೀಗಿತ್ತಿ


ಏಪ್ರಿಲ್ 2

ಬೀಗಿತ್ತಿಯವರಿಗೆ ನಮಸ್ಕಾರ.

ಕೋಪ ಬಂತು. ಹತ್ತು ದಿನ ಇತ್ತು. ಈಗ ಅರ್ಧ ಇಳಿದಿದೆ, ಬರೆಯುತ್ತಿದ್ದೇನೆ.

ಚಹಾದ ವಾಸನೆ ಸೇರದಿದ್ದರೆ ಆಸ್ಪತ್ರೆಗೆ ಹೋಗುವುದೇ? ಪುಡಿ ಬದಲಿಸಿ. ಈಗಿನ ಡಾಕ್ಟರುಗಳು ಶೀತಕ್ಕೆ ಹೋದರೂ ಮೂರು ತಲೆಮಾರಿನ ಕತೆ ಕೇಳುತ್ತಾರೆ. ಅದಕ್ಕೆಲ್ಲ ನಾನು ಹೆದರಿ ಬಾಯಿ ಬಿಡಬೇಕಿಲ್ಲ. ಹೇಳುತ್ತೇನೆ, ಹೇಳುವುದಿಲ್ಲ ಅಂದವನಲ್ಲ. ಮೊದಲು ಮರಿಯಾಗಲಿ, ಒಂದು ಮರಿಗೆ ಮೂಗು ಇದೆ ಅಂತ ಗೊತ್ತಾಗಲಿ. ಆಗ ಮಗಳಿಗೆ, 'ನೋಡಮ್ಮ, ನನಗೆ ಇಂಥ ಕಾಯಿಲೆ ಇದೆ, ಆದರೆ ಕಾಯುವವರೂ ಇದ್ದಾರೆ, ನಿನ್ನ ಕುರ್ಚಿ ಬೇಡ' ಅನ್ನಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನಿಮ್ಮ ಮಾತನ್ನು ಪೂರಾ ತಳ್ಳಿಹಾಕಿಲ್ಲ. ಇಲ್ಲಿನ ನಾಯಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನವಳು, ನಿಧಾನಸ್ಥೆ. ಎದೆ ಕೇಳಿದಳು, ಸೊಂಟದ ಎಕ್ಸ್‌ರೇ ತೆಗೆದಳು. ಎರಡೂ ಚೆನ್ನಾಗಿವೆ. 'ವಯಸ್ಸು ಜಾಸ್ತಿಯಾಯ್ತು, ಆದ್ರೆ ಆಗಲ್ಲ ಅಂತಿಲ್ಲ' ಅಂದಳು. ಫೆಬ್ರವರಿಯಲ್ಲಿ ಚಟಾಕು ಬೆದೆಗೆ ಬಂದಿದ್ದಾಗಲೇ ಮಾಡಬಹುದಿತ್ತು. ಕೈಯಲ್ಲಿ ಹಗ್ಗ ಹಿಡಿದು ಬೇಕರಿಯ ತಿರುವಿನ ತನಕ ಹೋದವನು ವಾಪಸು ಬಂದೆ. 'ತಾಯಿಯೂ ಇಲ್ಲ, ಮರಿಯೂ ಇಲ್ಲ' ಅಂತ ನೀವು ಬರೆದದ್ದು ಕಿವಿಯಲ್ಲೇ ಇತ್ತು. ಮುಂದಿನ ಸಲ ವಾಪಸು ಬರುವುದಿಲ್ಲ. ಕರಿಯನ ಜೊತೆ ನಿಶ್ಚಯ.

ಸೆಕೆ ಹೆಚ್ಚು ಇಲ್ಲಿ. ಚಟಾಕು ಇಡೀ ದಿನ ನೀರು ಕುಡಿಯುತ್ತಾಳೆ, ಬಕೆಟ್ಟಿಗೇ ಬಾಯಿ ಹಾಕುತ್ತಾಳೆ. ಊಟ ಮಾತ್ರ ಬೇಡ. ಎಲ್ಲಕ್ಕೂ ಬಿಸಿಲೇ ಕಾರಣ.

ನಿಮ್ಮ ಬೀಗ


ಏಪ್ರಿಲ್ 16

ಬೀಗಿತ್ತಿಯವರಿಗೆ ನಮಸ್ಕಾರ.

ಮಗಳು ಹೊರಗೆ ಹೋದ ಹೊತ್ತು ನೋಡಿ ನೀವು ಫೋನಿನಲ್ಲಿ ಕೂಗಿದ್ದು ಇಸ್ತ್ರಿ ಅಂಗಡಿಗೂ ಕೇಳಿಸಿತು. 'ಬೀಗರೇ, ಬಾಯಾರಿಕೆ ಅಂದರೆ ಏನು ಅಂತ ನಿಮ್ಮಂಥ ಕಾಯಿಲೆಯವರಿಗೆ ನಾನು ಹೇಳಿಕೊಡಬೇಕಾ? ಅದು ಬಿಸಿಲಲ್ಲ, ಈಗಿಂದೀಗ ಎತ್ತಿಕೊಂಡು ಹೋಗಿ!' ಇದಿಷ್ಟು ಪೂರ್ತಿ ಕೇಳಿಸಿತು, ನಾನೇನೂ ಕಟ್ಟಿಕೊಂಡಿಲ್ಲ. ಆಮೇಲಿನದು ನಿಮಗೆ ಚೂರುಪಾರು ಗೊತ್ತು. ಸರಿಯಾಗಿ ಬರೆಯುತ್ತೇನೆ.

ಗರ್ಭಕೋಶದಲ್ಲಿ ಕೀವು ತುಂಬಿತ್ತು. ಡಾಕ್ಟರಮ್ಮ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದಳು: 'ಎರಡು ದಾರಿ ಇದೆ. ಆಪರೇಷನ್ ಮಾಡಿ ಗರ್ಭಕೋಶ ತೆಗೆದ್ರೆ ಉಳಿಯೋ ಸಾಧ್ಯತೆ ಚೆನ್ನಾಗಿದೆ. ಇಲ್ಲಾ ಔಷಧಿಯಲ್ಲೇ ನೋಡಬಹುದು. ಗರ್ಭಕೋಶ ಉಳಿದ್ರೆ ಮುಂದಿನ ಸಲ ಮರಿಗೆ ಬಿಡಬಹುದು. ಆದ್ರೆ ಔಷಧಿಗೆ ಬಗ್ಗದೇ ಇದ್ರೆ ಕೈ ಮೀರುತ್ತೆ. ನಿಮಗೆ ಮರಿ ಬೇಕು ಅಂದಿದ್ರಲ್ಲ, ಅದಕ್ಕೆ ಕೇಳ್ತಿದೀನಿ.'

ಸುಳ್ಳು ಹೇಳುವುದಿಲ್ಲ. ಒಂದು ಗಳಿಗೆ ಔಷಧಿ ಅನ್ನಲು ಬಾಯಿ ತೆರೆದೆ. ಮರಿಯ ಆಸೆ ಅಷ್ಟಿತ್ತು. ಚಟಾಕು ಮೇಜಿನ ಮೇಲೆ ಮಲಗಿದ್ದಳು. ತಲೆ ಎತ್ತಲೂ ಆಗುತ್ತಿರಲಿಲ್ಲ ಅವಳಿಗೆ. ಆದರೂ ಕತ್ತು ಚಾಚಿ ಮೂತಿಯನ್ನು ನನ್ನ ಬಾಯ ಹತ್ತಿರ ತಂದು ಮೂಸಿದಳು. ಪಂಜ ಎತ್ತಿ ನನ್ನ ಕೈಮೇಲೆ ಹಾಕಿದಳು. ಬೆಳಗ್ಗೆಯಿಂದ ನಾನು ಊಟ ಮಾಡಿರಲಿಲ್ಲ. ಸಾಯುತ್ತ ಮಲಗಿರುವವಳು ನನ್ನ ಶುಗರ್ ನೋಡುತ್ತಿದ್ದಾಳೆ! ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು, ಅಳುತ್ತಲೇ, 'ತೆಗೀರಿ ತಾಯಿ, ತೆಗೆದುಬಿಡಿ' ಅಂದೆ.

ಒಳಗೆ ಕರೆದುಕೊಂಡು ಹೋದರು. ಕೈ ಸುಮ್ಮನಿರಲಿಲ್ಲ. ಅಲ್ಲಿನ ತೂಕದ ಯಂತ್ರದ ಮುಚ್ಚಳ ಬಿಚ್ಚಿ ಕೂತೆ. ಏನೂ ಕೆಟ್ಟಿರಲಿಲ್ಲ ಅದಕ್ಕೆ. ಧೂಳು ಒರೆಸಿ ಮತ್ತೆ ಮುಚ್ಚಿದೆ.

ಡಾಕ್ಟರಮ್ಮ ಹೊರಗೆ ಬಂದು, 'ಚೆನ್ನಾಗಾಯ್ತು. ನಾಲ್ಕು ದಿನ ಇಲ್ಲೇ ಇರಲಿ. ಮನೆಯಲ್ಲಿ ನೋಡ್ಕೊಳ್ಳೋಕೆ ಯಾರಿದ್ದಾರೆ?' ಅಂದಳು. ನಾಯಿಯನ್ನು ನೋಡಿಕೊಳ್ಳಲು ಅಂತ ಅವಳ ಅರ್ಥ. 'ಇವಳೇ' ಅಂದೆ. ಹೇಳಿದ ಮೇಲೆ ನನಗೇ ತಿಳಿಯಿತು. ನಾಲ್ಕು ದಿನ ಆ ಮನೆಯಲ್ಲಿ ನಾನು ಬಿದ್ದರೆ ಕೇಳುವವರಿಲ್ಲ. ಅಲ್ಲಿಯ ಫೋನಿನಿಂದಲೇ ಮಗಳಿಗೆ ಮಾಡಿದೆ. ಎಲ್ಲ ಹೇಳಿದೆ, ಅಮ್ಮನ ಕುರ್ಚಿಯ ತನಕ. ಪೂರ್ತಿ ಕೇಳಿಸಿಕೊಂಡು ಅವಳು, 'ಅಪ್ಪಾ, ನಾನೂ ಒಂದು ಹೇಳ್ಬೇಕು' ಅಂದಳು.

ಚಹಾದ ಪುಡಿ ಬದಲಿಸಿ ಅಂತ ಬರೆದಿದ್ದೆನಲ್ಲ, ಬೀಗಿತ್ತಿಯವರೇ. ಅದನ್ನೂ ಹರಿದು ಹಾಕಿ. ನಾನು ಅಜ್ಜನಾಗುವ ಸುದ್ದಿ ಕಣ್ಣ ಮುಂದೆ ಇಟ್ಟರೂ ಓದಲಾಗದ ಕುರುಡ.

ಈಗ ಅವಳು ಇಲ್ಲೇ ಇದ್ದಾಳೆ. ಬಂದ ಮೊದಲ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅನ್ನ ಬಡಿಸುತ್ತ, 'ಡಾಕ್ಟರ ಮುಂದೆ ಎಷ್ಟು ಜಂಬದಿಂದ ಹೇಳಿದೆ ಗೊತ್ತಾ, ನಮ್ಮಪ್ಪ ಕಲ್ಲು ಕರಗಿಸ್ತಾರೆ ಅಂತ. ನನ್ನನ್ನ ಪೆದ್ದಿ ಮಾಡಿಬಿಟ್ರಲ್ಲ ಅಪ್ಪಾ' ಅಂತ ಅತ್ತಳು. ನಾನೂ ಅತ್ತೆ. ಅನ್ನ ಆರಿತು. 'ಮೊದಲು ಊಟ ಮಾಡಿ, ಆಮೇಲೆ ಅಳಿ' ಅಂತ ಗದರಿದಳು. ನಿಮ್ಮ ದನಿಯೇ ಬಂದಿದೆ ಅವಳಿಗೆ.

ನಿಮ್ಮ ಬೀಗ


ಮೇ 5

ಬೀಗರಿಗೆ ನಮಸ್ಕಾರ.

ಸೊಸೆ ಬಂದಿಳಿದ ಮರುದಿನವೇ ಆಸ್ಪತ್ರೆಗೆ ಹೋದೆವು. ಈ ಸಲ ಅವಳೇ ಡಾಕ್ಟರಿಗೆ, 'ಹೋದ ಸಲ ನಾನು ಹೇಳಿದ್ದು ತಪ್ಪು. ನಮ್ಮಪ್ಪನಿಗಿದೆ, ಅಜ್ಜಿಗೂ ಇತ್ತು' ಅಂದಳು. ಡಾಕ್ಟರು ಆಗಲೇ ಪರೀಕ್ಷೆ ಮಾಡಿಸಿದರು. ಶುಗರ್ ಸ್ವಲ್ಪ ಮೇಲಿದೆ. ಹೆದರಬೇಡಿ. ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು, ಊಟ ನಡಿಗೆಯಲ್ಲೇ ಹಿಡಿತಕ್ಕೆ ಬರಬಹುದು, ಮಗುವಿಗೂ ತೊಂದರೆಯಾಗದಂತೆ ನೋಡಿಕೊಳ್ಳೋಣ ಅಂದರು. ಗೊತ್ತಾಗದೇ ಹೋಗಿದ್ದರೆ ಏನು ಅಂತ ನಾನು ಕೇಳಲಿಲ್ಲ.

ಹೊರಗೆ ಬಂದ ಮೇಲೆ ಸೊಸೆ ಕಿಸೆಯಿಂದ ಪೆಪ್ಪರ್‌ಮಿಂಟ್ ತೆಗೆದು ನನ್ನ ಕೈಗೆ ಕೊಟ್ಟು, 'ಅತ್ತೆ, ಇದನ್ನ ಅಪ್ಪ ಕೊಟ್ಟಿದ್ರು. ನಾನು ತಿನ್ನೋ ಹಾಗಿಲ್ಲ' ಅಂದಳು. ನಾನೇ ತಿಂದೆ. ಚೆನ್ನಾಗಿತ್ತು.

ನಿಮ್ಮ ಅಂಗಡಿಯನ್ನು ಮುಚ್ಚಿಸುವುದಿಲ್ಲವಂತೆ. ಹೊತ್ತಿಗೆ ಸರಿಯಾಗಿ ಊಟ, ಇನ್ಸುಲಿನ್ ನಿಮ್ಮ ಮನೆಯ ಫ್ರಿಜ್ಜಿನಲ್ಲೇ, ದಿನಾ ಫೋನು. ಇದಿಷ್ಟು ತಪ್ಪಿದರೆ ಮಾತ್ರ ಕುರ್ಚಿ ತರುತ್ತಾಳಂತೆ.

ಈಗ ನನ್ನ ಕಡೆಯಿಂದ ಒಂದು ಸಂಬಂಧ ಕೇಳುತ್ತೇನೆ, ನಗಬೇಡಿ. ದೊರೆಯ ಮಗಳು ರಾಣಿ ಇದ್ದಾಳಲ್ಲ, ಗೇಟಿಗೆ ಕಟ್ಟಿ ಹೋದವಳು. ಮೂರು ವರ್ಷ. ಮರಿಯಾಗದಂತೆ ಆಪರೇಷನ್ ಮಾಡಿಸಿದ್ದೇನೆ. ಮೂರ್ಛೆಗೆ ಮಾತ್ರೆ ನಡೆದಿದೆ, ಆದರೂ ಆಗೊಮ್ಮೆ ಈಗೊಮ್ಮೆ ಬೀಳುತ್ತಾಳೆ. ಇವಳ ಹಿಂದುಮುಂದು ಏಳು ತಲೆಮಾರು ಬರೆದಿಟ್ಟಿದ್ದಾರೆ, ಕಾಯಿಲೆಯನ್ನು ನಾನೇ ಸೇರಿಸಿ ಹೇಳುತ್ತೇನೆ, ಅದಕ್ಕೇ ಯಾರಿಗೂ ಬೇಡ. ಬಿದ್ದರೆ ಹೆದರದವರ ಮನೆ ಬೇಕು ಅವಳಿಗೆ. ಚಟಾಕುವಿನ ವಿದ್ಯೆ ಅವಳಿಗೆ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಬರಲೂಬಹುದು. ಒಂದೇ ಮನೆಯಲ್ಲಿ ಮಲಗಿ ಎದ್ದರೆ ಎಷ್ಟೋ ಬರುತ್ತದೆ, ನಿಮ್ಮ ಮಗಳಿಗೆ ನನ್ನ ದನಿ ಬಂದ ಹಾಗೆ.

ಕಳಿಸಲೇ?

ನಿಮ್ಮ ಬೀಗಿತ್ತಿ


ಜೂನ್ 11

ಬೀಗಿತ್ತಿಯವರಿಗೆ ನಮಸ್ಕಾರ.

ಅಳಿಯಂದಿರು ರಾಣಿಯನ್ನು ತಂದುಬಿಟ್ಟು ಮೂರು ವಾರವಾಯಿತು. ಬಂದವಳು ನೇರ ಹೋಗಿ ನನ್ನ ದೊಡ್ಡ ತೂಕದ ಯಂತ್ರದ ಮೇಲೆ ರಾಣಿಯ ಹಾಗೇ ಕೂತಳು. ಚಟಾಕು ಮೂಸಿ ನೋಡಿ, ತಾನೂ ಹತ್ತಿ ಪಕ್ಕದಲ್ಲಿ ಕೂತಳು. ಆಪರೇಷನ್ನಿಗೆ ಬೋಳಿಸಿದ ಹೊಟ್ಟೆಯ ಕೂದಲು ಇನ್ನೂ ಪೂರ್ತಿ ಬಂದಿಲ್ಲ ಅವಳಿಗೆ, ಹಸಿವು ಮಾತ್ರ ಬಂದಿದೆ. ಇಬ್ಬರನ್ನೂ ಇಳಿಸಲು ಬಿಸ್ಕತ್ತು ಬೇಕಾಯಿತು.

ಚಟಾಕುವಿಗೆ ಮರಿಯಾಗಲಿಲ್ಲ ಅಂತ ಒಮ್ಮೊಮ್ಮೆ ಈಗಲೂ ಬೇಜಾರಾಗುತ್ತದೆ. ಅವಳಂಥ ಇನ್ನೊಬ್ಬಳು ಇನ್ನು ಇಲ್ಲ. ಅವಳು ಎಲ್ಲಿಂದ ಬಂದಳೋ ಗೊತ್ತಾಗಲಿಲ್ಲ, ಮುಂದಕ್ಕೂ ಯಾರೂ ಇಲ್ಲ. ನನ್ನದು ಮುಂದುವರಿಯುತ್ತಿದೆ, ಕಾಯಿಲೆ ಸಮೇತ. ಈಗ ಅದನ್ನು ಬಾಯಿಬಿಟ್ಟು ಹೇಳಿದ್ದೇನೆ ಅನ್ನುವುದಷ್ಟೇ ಸಮಾಧಾನ.

ನಿನ್ನೆ ನಡೆದದ್ದು ಹೇಳಬೇಕು. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಮಾಡಿ (ಮಗಳಿಗೆ ತಿಳಿಸಿ) ಹಿಂದಿನ ಕೋಣೆಯಲ್ಲಿ ಒಂದು ಸ್ಪ್ರಿಂಗ್ ಹುಡುಕುತ್ತಿದ್ದೆ. ಮುಂದುಗಡೆ ಚಟಾಕು ಕುಂಯ್‌ಗುಟ್ಟಿದ್ದು ಕೇಳಿಸಿತು. ನನಗೇನೂ ಆಗಿರಲಿಲ್ಲ. ಇವಳಿಗೇನಾಯಿತು ಅಂದುಕೊಂಡೆ. ಡಬ್ಬಿ ಬಿದ್ದ ಸದ್ದಾಯಿತು. ಹೊರಗೆ ಬರುವಷ್ಟರಲ್ಲಿ ರಾಣಿ ನೆಲದ ಮೇಲಿದ್ದಳು, ಕಾಲು ಸೆಟೆದುಕೊಂಡಿತ್ತು. ಅವಳ ಮೂತಿಯ ಮುಂದೆ ಪೆಪ್ಪರ್‌ಮಿಂಟ್‌ಗಳು ಚೆಲ್ಲಿದ್ದವು. ನೀವು ಹೇಳಿಕೊಟ್ಟಂತೆ ಅವಳನ್ನು ಮುಟ್ಟದೆ, ತಲೆಗೆ ತಾಗುವಂತಿದ್ದ ಸ್ಟೂಲು, ಕಬ್ಬಿಣದ ತೂಕದ ಕಲ್ಲುಗಳನ್ನೆಲ್ಲ ಆಚೆ ಸರಿಸಿ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಬಿಟ್ಟಿತು. ಕಣ್ಣು ತೆರೆದು ನನ್ನನ್ನು ನೋಡಿದಳು.

ಚಟಾಕು ಎಲ್ಲಿ ಅಂತ ತಿರುಗಿದರೆ, ಇಸ್ತ್ರಿ ಅಂಗಡಿಯವನು ಹರಿದ ಪ್ಯಾಂಟಿನಲ್ಲಿ ಏದುಸಿರು ಬಿಡುತ್ತ ಬಾಗಿಲಲ್ಲಿದ್ದಾನೆ. ಕೈಯಲ್ಲಿ ಸಕ್ಕರೆ ನೀರಿನ ಲೋಟ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

'ಸಾರ್, ನೀವು ನಿಂತೇ ಇದ್ದೀರಲ್ಲ! ಹಾಗಾದ್ರೆ ಇವತ್ತು ನಾನು ಎಬ್ಬಿಸಬೇಕಾದ್ದು ಯಾರನ್ನ?'

ನಿಮ್ಮ ಬೀಗ